ಬೆನ್ನು ನೋವು ಅಂದಾಗ ನಾವು ಸ್ಕೂಲ್ ಬ್ಯಾಗ್ ಹಗುರ ಮಾಡಿದೆವು

ನಮ್ಮ ಅಡುಗೆಮನೆ ಗೋಡೆಯ ಮೊಳೆಗೆ ಒಂದು ನೋಟ್‌ಬುಕ್ ನೇತುಹಾಕಿದ್ದೇವೆ. ಐದು ವರ್ಷದಿಂದ ದಿನಾ ಬೆಳಿಗ್ಗೆ ಅದರಲ್ಲಿ ಒಂದು ಸಾಲು ಬರೆಯುತ್ತೇವೆ. ತಾರೀಖು, ಪುಟ್ಟನ ಮೂತ್ರದಲ್ಲಿ ಪ್ರೋಟೀನ್ ಎಷ್ಟು, ಮಾತ್ರೆ ಎಷ್ಟು ಕೊಟ್ಟೆವು. ಮೂತ್ರಕ್ಕೆ ಅದ್ದಿದ ಪಟ್ಟಿ ಹಳದಿಯಾಗಿಯೇ ಉಳಿದರೆ ಎಲ್ಲರಿಗೂ ಸಮಾಧಾನ. ಹಸಿರಿಗೆ ತಿರುಗಿದರೆ ಅವತ್ತು ಮನೆಯಲ್ಲಿ ಯಾರಿಗೂ ತಿಂಡಿ ರುಚಿಸುವುದಿಲ್ಲ.

ಪುಟ್ಟ ಅಣ್ಣನ ಮಗ. ಈಗ ಒಂಬತ್ತು ವರ್ಷ. ನಾಲ್ಕು ವರ್ಷದವನಿದ್ದಾಗ ಒಂದು ಬೆಳಿಗ್ಗೆ ಮುಖ, ಕಣ್ಣಿನ ಸುತ್ತ ಊದಿಕೊಂಡು ಎದ್ದ. ನೆಫ್ರೋಟಿಕ್ ಸಿಂಡ್ರೋಮ್ ಅಂದರು. ಕಿಡ್ನಿಯ ಜರಡಿ ಸಡಿಲವಾಗಿ ರಕ್ತದ ಪ್ರೋಟೀನ್ ಮೂತ್ರದಲ್ಲಿ ಸೋರಿಹೋಗುವ ಕಾಯಿಲೆ. ಅದಕ್ಕೆ ಮೊದಲ ಮದ್ದು ಪ್ರೆಡ್ನಿಸೋಲೋನ್ ಎನ್ನುವ ಸ್ಟೀರಾಯ್ಡ್ ಮಾತ್ರೆ. ಹೆಚ್ಚಿನ ಮಕ್ಕಳಿಗೆ ಅದು ಕೆಲಸ ಮಾಡುತ್ತದೆ, ನಮ್ಮವನಿಗೂ ಮಾಡಿತು. ಆದರೆ ಮಾತ್ರೆ ಕಡಿಮೆ ಮಾಡಿದಾಗೆಲ್ಲ ಊತ ಮರಳಿ ಬರುತ್ತಿತ್ತು. ಹೀಗೆ ವರ್ಷಗಟ್ಟಲೆ ಸ್ಟೀರಾಯ್ಡ್ ನಡೆಯಿತು.

ಇದನ್ನು ‘ನಾವು’ ಎಂದೇ ಬರೆಯುತ್ತಿದ್ದೇವೆ. ಅಜ್ಜಿ, ಅಣ್ಣ, ಅತ್ತಿಗೆ, ಪತ್ರಿಕೋದ್ಯಮ ಓದಿ ಬಂದ ನಾವು, ಎಲ್ಲರೂ ಒಂದೇ ಮನೆಯಲ್ಲಿದ್ದೇವೆ. ಮುಂದೆ ಹೇಳುವ ತಪ್ಪು ಒಬ್ಬರದಲ್ಲ.

ಕಳೆದ ವರ್ಷ ಮಳೆಗಾಲ ಶುರುವಾದಾಗ ಪುಟ್ಟ ಬೆನ್ನು ನೋವು ಅಂದ. ಬಿದ್ದಿರಲಿಲ್ಲ, ಪೆಟ್ಟೂ ಆಗಿರಲಿಲ್ಲ. ಅಜ್ಜಿ ಅಂದರು, “ಮೂಟೆ ಹೊತ್ತಂಗೆ ಬ್ಯಾಗ್ ಹೊತ್ಕೊಂಡು ಹೋಗ್ತದೆ ಮಗ, ನೋಯದೆ ಇನ್ನೇನಾಯ್ತದೆ.” ನಮಗೂ ಹಾಗೇ ಅನಿಸಿತು. ಬ್ಯಾಗಿನಿಂದ ಎರಡು ಪುಸ್ತಕ ತೆಗೆದಿಟ್ಟೆವು. ರಾತ್ರಿ ಅಜ್ಜಿ ಕೊಬ್ಬರಿ ಎಣ್ಣೆ ಬಿಸಿ ಮಾಡಿ ತಿಕ್ಕುತ್ತಿದ್ದರು. ಅವನು “ಮೆತ್ತಗೆ ಅಜ್ಜಿ” ಅನ್ನುತ್ತಿದ್ದ. ಅಜ್ಜಿ ಇನ್ನೂ ಸ್ವಲ್ಪ ಒತ್ತಿ ತಿಕ್ಕುತ್ತಿದ್ದರು, ಹಿಡಿದುಕೊಂಡಿರುವುದು ಬಿಡಲಿ ಎಂದು.

ಆಮೇಲೆ ಆಟದ ಪೀರಿಯಡ್ಡಿನಲ್ಲಿ ಕಟ್ಟೆ ಮೇಲೆ ಕೂತಿರುತ್ತಾನೆ ಎಂದು ಮೇಷ್ಟ್ರು ಹೇಳಿಕಳಿಸಿದರು. ಬಸ್ಸು ಹಳ್ಳಕ್ಕೆ ಇಳಿದಾಗ ಮುಂದಿನ ಸೀಟು ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದ. ನೆಲದ ಮೇಲೆ ಬಿದ್ದ ಪೆನ್ಸಿಲ್ ಎತ್ತಲು ಬಗ್ಗುವ ಬದಲು ಕುಕ್ಕರುಗಾಲಲ್ಲಿ ಕೂರುತ್ತಿದ್ದ. ಇದನ್ನೆಲ್ಲ ನಾವು ಕಂಡಿದ್ದೆವು. ಆದರೆ ಮಾತ್ರೆಯಿಂದ ಮೈ ತೂಕ ಬಂದಿದೆ, ಅದಕ್ಕೇ ಸೋಮಾರಿಯಾಗಿದ್ದಾನೆ ಅಂದುಕೊಂಡೆವು. ಒಂದು ಸೋಮವಾರ ಸ್ಕೂಲಿಗೆ ಹೋಗಲ್ಲ ಅಂದಾಗ ಮೈಗಳ್ಳ ಎಂದು ಬೈದೆವು. ಅವನು ಮಾತಾಡದೆ ಬೂಟು ಹಾಕಿಕೊಂಡು ಹೋದ.

ನೋವು ಹೋಗದಿದ್ದಾಗ ತಾಲ್ಲೂಕಿನಲ್ಲಿ ಒಂದು ಕಡೆ ಎಕ್ಸ್‌ರೇ ಮಾಡಿಸಿದೆವು. ಎದುರಿನಿಂದ ಒಂದೇ ಫಿಲಂ ತೆಗೆದರು. ಏನೂ ಇಲ್ಲ ಅಂದರು. ಇನ್ನೂ ಎರಡು ತಿಂಗಳು ಎಣ್ಣೆ ತಿಕ್ಕಿದೆವು.

ಬೆಂಗಳೂರಿನಲ್ಲಿ ಕಿಡ್ನಿ ಡಾಕ್ಟರ್ ಹತ್ತಿರ ಹೋದಾಗ ಅತ್ತಿಗೆ ಎದ್ದು ಬರುವ ಹೊತ್ತಿನಲ್ಲಿ ಬೆನ್ನಿನ ವಿಷಯ ಹೇಳಿದರು. ಡಾಕ್ಟರ್ ಪೆನ್ನು ಕೆಳಗಿಟ್ಟು ಕೇಳಿದರು, “ಪಕ್ಕದಿಂದ ಎಕ್ಸ್‌ರೇ ತೆಗೆಸಿದ್ರಾ ಅಮ್ಮ?” ಅವತ್ತೇ ತೆಗೆಸಿದರು. ಬೆಳಕಿನ ಮುಂದೆ ಫಿಲಂ ಹಿಡಿದು ತೋರಿಸಿದಾಗ ನಮ್ಮ ಕಣ್ಣಿಗೂ ಕಂಡಿತು. ಮೇಲೆ ಕೆಳಗೆ ಎಲ್ಲ ಚೌಕ ಚೌಕ ಮೂಳೆ. ನಡುವೆ ಎರಡು ಮಾತ್ರ ಮುಂಭಾಗದಲ್ಲಿ ಕುಸಿದು ಬೆಣೆಯ ಆಕಾರಕ್ಕೆ ಬಂದಿದ್ದವು. ಅಜ್ಜಿ ಒತ್ತಿ ತಿಕ್ಕುತ್ತಿದ್ದದ್ದು ಅದೇ ಜಾಗ.

ಮುರಿತ ಅಂದರೆ ಕೈ ಮುರಿದಂತೆ ಎರಡು ತುಂಡಾಗುವುದು ಎಂದು ನಾವು ತಿಳಿದಿದ್ದೆವು. ಬೆನ್ನುಮೂಳೆ ಹಾಗಲ್ಲ. ಅಚ್ಚುಬೆಲ್ಲ ಒಂದರ ಮೇಲೊಂದು ಜೋಡಿಸಿಟ್ಟಾಗ, ತೇವ ತಗುಲಿದ ಒಂದು ಅಚ್ಚು ಮೇಲಿನ ಭಾರಕ್ಕೆ ಕುಸಿಯುತ್ತದಲ್ಲ, ಹಾಗೆ. ಬೆನ್ನುಮೂಳೆಯ ಒಳಭಾಗ ಜೇನುಗೂಡಿನಂತಿರುತ್ತದೆ. ಸ್ಟೀರಾಯ್ಡ್ ಬಹಳ ಕಾಲ ನಡೆದರೆ ಹೊಸ ಮೂಳೆ ಕಟ್ಟುವ ಕೆಲಸ ನಿಧಾನವಾಗಿ, ಮೊದಲು ಸೊರಗುವುದು ಈ ಜೇನುಗೂಡು. ಆಮೇಲೆ ಬೀಳಲೇಬೇಕೆಂದಿಲ್ಲ, ದಿನದ ಓಡಾಟವೇ ಸಾಕು. ಕಾಯಿಲೆಯೂ ತನ್ನ ಪಾಲು ಸೇರಿಸುತ್ತದೆ.

ಒಂದು ಮೂಳೆಯ ಎತ್ತರ 20% ಅಥವಾ ಹೆಚ್ಚು ತಗ್ಗಿದ್ದರೆ ಅದನ್ನು ಮುರಿತ ಎಂದು ಲೆಕ್ಕ ಹಾಕುತ್ತಾರಂತೆ. ಎದುರಿನಿಂದ ನೋಡಿದರೆ ಈ ಕುಸಿತ ಸುಲಭವಾಗಿ ಕಾಣುವುದಿಲ್ಲ. ಪಕ್ಕದಿಂದಲೇ ನೋಡಬೇಕು.

ಊರಿಗೆ ಬಂದ ಮೇಲೆ ನಾವು ಓದಲು ಕೂತೆವು. ಓದಿದ್ದು ಇನ್ನೂ ಸಂಕಟ ತಂದಿತು. ಕೆನಡಾದಲ್ಲಿ ಹಲವು ಮಕ್ಕಳ ಆಸ್ಪತ್ರೆಗಳು ಸೇರಿ ಸ್ಟಾಪ್ ಎನ್ನುವ ಅಧ್ಯಯನ ಮಾಡಿವೆ. ರಕ್ತದ ಕ್ಯಾನ್ಸರ್ ಎಂದು ಹೊಸದಾಗಿ ಗೊತ್ತಾದ 186 ಮಕ್ಕಳ ಬೆನ್ನನ್ನು ಪಕ್ಕದಿಂದ ನೋಡಿದಾಗ 29 ಮಕ್ಕಳಲ್ಲಿ ಆಗಲೇ ಕುಸಿತ ಇತ್ತು. ಇದು ಪ್ರಕಟವಾದದ್ದು 2009ರಲ್ಲಿ. ನೆಫ್ರೋಟಿಕ್ ಇರುವ ಮಕ್ಕಳಲ್ಲಿ ಸ್ಟೀರಾಯ್ಡ್ ಶುರುವಾದ ಹೊಸತರಲ್ಲೇ ನೋಡಿದಾಗ ನೂರಕ್ಕೆ ಸುಮಾರು 8 ಮಕ್ಕಳಲ್ಲಿ ಕಂಡಿತು. ಕುಸಿತ ಇದ್ದೂ ಬೆನ್ನು ನೋವೇ ಇಲ್ಲದ ಮಕ್ಕಳೂ ಇದ್ದರು.

ಅಂದರೆ ಪುಟ್ಟ ನೋವು ಅಂತ ಹೇಳಿದ್ದೇ ನಮ್ಮ ಅದೃಷ್ಟ. ಹೇಳಿದ್ದನ್ನು ನಾವು ಕೇಳಿಸಿಕೊಳ್ಳಲಿಲ್ಲ, ಅಷ್ಟೇ.

ಇಂಥ ಮಕ್ಕಳು ಎಲ್ಲ ಊರಲ್ಲೂ ಇದ್ದಾರೆ. ನೆಫ್ರೋಟಿಕ್, ಮಕ್ಕಳ ಸಂಧಿವಾತ, ಲೂಪಸ್, ರಕ್ತದ ಕ್ಯಾನ್ಸರ್, ಸ್ನಾಯು ಸೊರಗುವ ಡುಶೆನ್ ಕಾಯಿಲೆ. ಇವುಗಳಿಗೆ ತಿಂಗಳುಗಟ್ಟಲೆ ಸ್ಟೀರಾಯ್ಡ್ ಬೇಕಾಗುತ್ತದೆ. ಡುಶೆನ್ ಇದ್ದು ಸ್ಟೀರಾಯ್ಡ್ ತೆಗೆದುಕೊಳ್ಳುವ ಮಕ್ಕಳಿಗೆ ನೋವಿರಲಿ ಇಲ್ಲದಿರಲಿ, ಒಂದೆರಡು ವರ್ಷಕ್ಕೊಮ್ಮೆ ಬೆನ್ನಿನ ಪಕ್ಕದ ಎಕ್ಸ್‌ರೇ ಮಾಡಿಸಬೇಕು ಎಂದು ಅದರ ಚಿಕಿತ್ಸೆಯ ಮಾರ್ಗಸೂಚಿಯೇ ಹೇಳುತ್ತದೆ. ಉಬ್ಬಸಕ್ಕೆ ಡಾಕ್ಟರ್ ನಾಲ್ಕೈದು ದಿನ ಕೊಟ್ಟ ಮಾತ್ರೆಗೆ ಹೀಗೆ ಹೆದರಬೇಕಿಲ್ಲ.

ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಇಂಥ ಮಗುವಿದ್ದರೆ ಇಷ್ಟು ನೋಡಿ. ಹೊಸದಾಗಿ ಬೆನ್ನು ನೋವು ಅನ್ನುತ್ತಿದೆಯಾ? ಆಟ ಬಿಟ್ಟು ಕೂರುತ್ತಿದೆಯಾ, ಎತ್ತಿಕೋ ಅನ್ನುತ್ತಿದೆಯಾ? ಬಗ್ಗಲು ಹಿಂಜರಿಯುತ್ತಿದೆಯಾ? ಬೆನ್ನು ಗೂನಾಗುತ್ತಿದೆಯಾ? ಎತ್ತರ ನಿಂತುಹೋಗಿದೆಯಾ, ಕಡಿಮೆಯಾಗಿದೆಯಾ? ಒಂದಿದ್ದರೂ ಡಾಕ್ಟರ್ ಹತ್ತಿರ ಹೋಗಿ, “ಇಷ್ಟು ತಿಂಗಳಿಂದ ಸ್ಟೀರಾಯ್ಡ್ ತೆಗೊಳ್ತಿದ್ದಾನೆ, ಪಕ್ಕದಿಂದ ಬೆನ್ನಿನ ಎಕ್ಸ್‌ರೇ ಬೇಕಾ?” ಎಂದು ಕೇಳಿ. ಏನೂ ಕಾಣದಿದ್ದರೂ ಒಮ್ಮೆ ಕೇಳಿ. ಕಾಲು ಬಲ ಕಳೆದುಕೊಂಡರೆ, ಜೋಮು ಹಿಡಿದರೆ, ಮೂತ್ರದ ಹಿಡಿತ ತಪ್ಪಿದರೆ ಅವತ್ತೇ ಆಸ್ಪತ್ರೆಗೆ ಓಡಿ.

ನೋಯುವ ಬೆನ್ನನ್ನು ಒತ್ತಬೇಡಿ, ಎಳೆಯಬೇಡಿ, ನೆಟಿಗೆ ತೆಗೆಸಬೇಡಿ.

ಇನ್ನೊಂದು ಮಾತು, ಇದು ಎಲ್ಲಕ್ಕಿಂತ ಮುಖ್ಯ. ಇದನ್ನು ಓದಿ ಮಾತ್ರೆ ನಿಲ್ಲಿಸಬೇಡಿ. ಬಹಳ ದಿನ ಕೊಟ್ಟ ಸ್ಟೀರಾಯ್ಡನ್ನು ಒಮ್ಮೆಲೇ ನಿಲ್ಲಿಸಿದರೆ ಮಗುವಿನ ಜೀವಕ್ಕೇ ಅಪಾಯ. ಎಕ್ಸ್‌ರೇ ನೋಡಿದ ರಾತ್ರಿ ಅಜ್ಜಿ ಮಾತ್ರೆ ಡಬ್ಬಿ ಬಿಸಾಕುತ್ತೇನೆ ಅಂದಿದ್ದರು. ಆ ಮಾತ್ರೆ ಇಲ್ಲದಿದ್ದರೆ ಹುಡುಗ ಈ ವಯಸ್ಸಿಗೆ ಬರುತ್ತಿರಲಿಲ್ಲವೇನೋ ಎಂದು ಅವರಿಗೆ ತಿಳಿಹೇಳಬೇಕಾಯಿತು.

ಪುಟ್ಟನಿಗೆ ಬೇರೆ ಔಷಧಿ ಸೇರಿಸಿ ಸ್ಟೀರಾಯ್ಡನ್ನು ಡಾಕ್ಟರೇ ಮೆಲ್ಲಗೆ ಇಳಿಸಿದರು. ರಕ್ತ ಪರೀಕ್ಷೆ ಮಾಡಿ ಕ್ಯಾಲ್ಸಿಯಂ, ವಿಟಮಿನ್ ಡಿ ಕೊಟ್ಟರು. ಮೂಳೆ ಕರಗುವುದನ್ನು ತಡೆಯುವ ಔಷಧಿಯನ್ನು ಡ್ರಿಪ್‌ನಲ್ಲಿ ಹಾಕಿದರು. ಮೊದಲ ಸಲ ಹಾಕಿದ ರಾತ್ರಿ ಜ್ವರ ಬಂತು. ಹೀಗಾಗಬಹುದು ಎಂದು ಮೊದಲೇ ಹೇಳಿದ್ದರಿಂದ ಗಾಬರಿಯಾಗಲಿಲ್ಲ. ಬೆಳೆಯುವ ವಯಸ್ಸು ಇನ್ನೂ ಉಳಿದಿದ್ದು, ಕಾಯಿಲೆ ಹತೋಟಿಗೆ ಬಂದರೆ, ಕುಸಿದ ಮೂಳೆ ಮತ್ತೆ ಎತ್ತರ ಪಡೆಯಬಹುದು. ದೊಡ್ಡವರಿಗೆ ಇಲ್ಲದ ಅನುಕೂಲ ಇದು. ಆದರೆ ಬೆಳವಣಿಗೆ ಮುಗಿಯುವ ಮೊದಲೇ ಕಂಡುಹಿಡಿದಿರಬೇಕು.

ಈಗ ನೋವು ಕಡಿಮೆ. ಮುಂದಿನ ಎಕ್ಸ್‌ರೇ ದೀಪಾವಳಿ ಆದ ಮೇಲೆ. ನೋಟ್‌ಬುಕ್ಕಿನಲ್ಲಿ ಇನ್ನೊಂದು ಗೆರೆ ಎಳೆದಿದ್ದೇವೆ, ಬೆನ್ನಿಗೆ. ತಿಂಗಳ ಮೊದಲ ಭಾನುವಾರ ಬಾಗಿಲ ಚೌಕಟ್ಟಿಗೆ ಒರಗಿಸಿ ನಿಲ್ಲಿಸಿ ಪೆನ್ಸಿಲ್‌ನಲ್ಲಿ ಎತ್ತರ ಗುರುತು ಮಾಡುತ್ತೇವೆ.

ಮೈಗಳ್ಳ ಅಂದದ್ದಕ್ಕೆ ನಾವು ಅವನ ಹತ್ತಿರ ತಪ್ಪಾಯ್ತು ಅಂದೆವು. “ಅಜ್ಜಿ ಹತ್ರನೂ ಹೇಳ್ರಿ, ಅವಳು ಅಳ್ತಾಳೆ ದಿನಾ” ಅಂದ.