ನಡವಳಿಗೆ ಸೇರದ ಮಾತು

2022 ಫೆಬ್ರುವರಿ 24, ಗುರುವಾರ

ಪುರಸಭೆಯ ಸಾಮಾನ್ಯ ಸಭೆ ಹನ್ನೊಂದಕ್ಕೆ ಎಂದು ಸೂಚನಾ ಪತ್ರದಲ್ಲಿತ್ತು. ಕೋರಂ ಆದದ್ದು ಹನ್ನೆರಡೂಕಾಲಿಗೆ. ಒಟ್ಟು 23 ವಿಷಯ. ಬಸ್ ಸ್ಟ್ಯಾಂಡಿನ ಹತ್ತಿರದ ಸ್ವಾಗತ ಕಮಾನಿಗೆ ಯಾರ ಹೆಸರಿಡಬೇಕು ಎನ್ನುವುದರಲ್ಲೇ ಎರಡು ತಾಸು ಹೋಯಿತು. ಇಬ್ಬರು ಸದಸ್ಯರು ಎದ್ದು ಹೊರಗೆ ನಡೆದರು, ಮಂಡಕ್ಕಿ ಮಿರ್ಚಿ ಬಂದಾಗ ತಿರುಗಿ ಬಂದರು. ಕೊನೆಯ ಹತ್ತು ವಿಷಯಕ್ಕೆ ಸಿಕ್ಕದ್ದು ಇಪ್ಪತ್ತು ನಿಮಿಷ.

ವಿಷಯ ಸಂಖ್ಯೆ 14 ನಮ್ಮ ಓಣಿಯದು. ರಾಜ್ಯ ಹಣಕಾಸು ಆಯೋಗದ (ಎಸ್‌ಎಫ್‌ಸಿ) ಮುಕ್ತ ನಿಧಿಯಲ್ಲಿ ಹತ್ತು ಲಕ್ಷ, 180 ಮೀಟರ್ ಕಾಂಕ್ರೀಟ್ ರಸ್ತೆ. ಓದಿದರು, ಟೇಬಲ್ ತಟ್ಟಿದರು, ಮುಗಿಯಿತು. ಆ ಗದ್ದಲದಲ್ಲೇ ಹಿಂದಿನ ಸಾಲಿನ ಹಿರಿಯ ಸದಸ್ಯೆ, ಸಭೆಯಲ್ಲಿ ಬಾಯಿ ಬಿಡುವುದೇ ಅಪರೂಪ, ಅಂದರು: "ಮ್ಯಾಲೆ ಮ್ಯಾಲೆ ಹಾಕಬ್ಯಾಡ್ರಿ. ಹಳೇದು ತಗದು ಹಾಕ್ರಿ." ಯಾರೂ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಅಷ್ಟರಲ್ಲಿ ವಿಷಯ 15 ಓದಿಯಾಗಿತ್ತು.

ನಾನು ನಡವಳಿ ಬರೆಯುವ ಗುಮಾಸ್ತೆ. ಕಚ್ಚಾ ಪುಸ್ತಕದಲ್ಲಿ ಅದನ್ನೂ ಬರೆದುಕೊಂಡೆ.

ಫೆಬ್ರುವರಿ 27, ಭಾನುವಾರ

ಅಪ್ಪ ಮನೆ ಕಟ್ಟಿಸಿದಾಗ ಬಾಗಿಲಿಗೆ ನಾಲ್ಕು ಮೆಟ್ಟಿಲಿದ್ದವು, ನಾಲ್ಕೂ ಕಲ್ಲಿನವು. ಖಡಿ ಹಾಸಿ ಡಾಂಬರು ಹಾಕಿದಾಗ ಒಂದು ಹೋಯಿತು. ಅದರ ಮೇಲೆ ಕಾಂಕ್ರೀಟು ಬಂದಾಗ ಎರಡನೆಯದು. ಆ ಕಾಂಕ್ರೀಟು ಸೀಳಿದೆ ಎಂದು ಅದರ ಮೇಲೇ ಇನ್ನೊಂದು ಸಲ ಹಾಕಿದರು, ಮೂರನೆಯದೂ ಹೋಯಿತು. ಪ್ರತಿ ಸಲವೂ ಅರ್ಧ ಅಡಿ. ಪ್ರತಿ ಸಲವೂ ಗುದ್ದಲಿ ಪೂಜೆ, ತೆಂಗಿನಕಾಯಿ, ಫೋಟೋ. ಈಗ ಉಳಿದಿರುವುದು ಒಂದೇ ಮೆಟ್ಟಿಲು. ಓಣಿಯ ಒಂದು ಮನೆಯವರು ಹೊಸ್ತಿಲ ಮುಂದೆ ಇಟ್ಟಂಗಿಯ ಸಣ್ಣ ಒಡ್ಡು ಕಟ್ಟಿಕೊಂಡಿದ್ದಾರೆ, ಹೊಲದ ಬದುವಿನ ಹಾಗೆ.

"ನಿಮ್ಮ ಪುರಸಭಿಯವ್ರು ಇನ್ನೊಮ್ಮಿ ರಸ್ತಿ ಮಾಡಿದ್ರ ನಾವು ಕಿಟಕ್ಯಾಗಿಂದ ಅಡ್ಯಾಡೂದು ಕಲೀಬೇಕು" ಅಂದಳು ಅವ್ವ.

ಊಟವಾದ ಮೇಲೆ ನಡವಳಿ ಶುದ್ಧಪ್ರತಿ ಮಾಡಲು ಕೂತೆ. ನಮ್ಮ ನಡವಳಿಯಲ್ಲಿ ರಸ್ತೆಗೆ ಉದ್ದ ಉಂಟು, ಅಗಲ ಉಂಟು, ಮೊತ್ತ ಉಂಟು. ಎತ್ತರ ಎಂಬುದು ಮಾತ್ರ ಎಲ್ಲೂ ಇಲ್ಲ. ಹಿಂದಿನ ವರ್ಷಗಳ ಪುಸ್ತಕ ನೋಡಿದ್ದೇನೆ, ಒಂದು ಕಡೆಯೂ ಇಲ್ಲ. ವಿಷಯ 14ರ ಕೆಳಗೆ "ಚರ್ಚಿಸಿ ಸರ್ವಾನುಮತದಿಂದ ಅನುಮೋದಿಸಲಾಯಿತು" ಎಂದು ಬರೆದೆ. ಪೆನ್ನು ಅಲ್ಲೇ ನಿಂತಿತು. ಆಮೇಲೆ ಸೇರಿಸಿದೆ: "ಹಾಲಿ ಇರುವ ಕಾಂಕ್ರೀಟನ್ನು ತೆಗೆದು, ರಸ್ತೆಯ ಮಟ್ಟ ಏರದಂತೆ ಕಾಮಗಾರಿ ಕೈಗೊಳ್ಳಲು ಸಭೆ ತೀರ್ಮಾನಿಸಿತು."

ಸಭೆ ತೀರ್ಮಾನಿಸಿತೇ? ಒಬ್ಬರು ಹೇಳಿದರು, ಯಾರೂ ಬೇಡ ಅನ್ನಲಿಲ್ಲ. ಸರ್ವಾನುಮತ ಎಂದು ನಾವು ಬರೆಯುವುದೆಲ್ಲ ಹೆಚ್ಚುಕಡಿಮೆ ಇಂಥದೇ. ಹಾಗೆಂದು ಸಮಾಧಾನ ಮಾಡಿಕೊಂಡೆ.

ಮಾರ್ಚ್ 21, ಸೋಮವಾರ

ಬಜೆಟ್ ಸಭೆ. ಮೊದಲ ವಿಷಯ ಯಾವಾಗಲೂ ಒಂದೇ, ಹಿಂದಿನ ಸಭೆಯ ನಡವಳಿ ಓದಿ ದೃಢೀಕರಿಸುವುದು. ನಾನೇ ಓದಿದೆ. 14ಕ್ಕೆ ಬಂದಾಗ ದನಿ ತಾನಾಗಿ ಸಣ್ಣದಾಯಿತು. ಅಧ್ಯಕ್ಷರು ಫೋನಿನಲ್ಲಿದ್ದರು. ಮುಖ್ಯಾಧಿಕಾರಿಯವರು "ಮುಂದಕ್ಕ ಹೋಗ್ರಿ" ಅಂದರು. ಹಿಂದಿನ ಸಾಲಿನ ಆ ಹೆಣ್ಣುಮಗಳು ಮಾತ್ರ ತಲೆಯೆತ್ತಿ ನನ್ನನ್ನು ನೋಡಿದರು. ದೃಢೀಕರಣವಾಯಿತು.

ಆಮೇಲೆ ದುಡ್ಡಿನ ಜಗಳ. ಹೊಸದಾಗಿ ಗೆದ್ದವರಿಗೆ ಪುರಸಭೆ ಎಂದರೆ ಬಾಯಿ ತೆರೆದ ಚೀಲ ಇದ್ದ ಹಾಗೆ, ಕೈ ಹಾಕಿದರೆ ರಸ್ತೆ ಬರುತ್ತದೆ ಅಂದುಕೊಂಡಿರುತ್ತಾರೆ. ಪ್ರತಿ ರೂಪಾಯಿಯೂ ಹಣೆಯಲ್ಲಿ ಹೆಸರು ಬರೆಸಿಕೊಂಡೇ ಬಂದಿರುತ್ತದೆ. 15ನೇ ಹಣಕಾಸು ಆಯೋಗದ ಅನುದಾನದಲ್ಲಿ ನೂರಕ್ಕೆ 60 ಕುಡಿಯುವ ನೀರಿಗೆ, ನೈರ್ಮಲ್ಯಕ್ಕೆ ಕಟ್ಟಿಟ್ಟದ್ದು, ಅದರಲ್ಲಿ ರಸ್ತೆ ಮಾಡುವಂತಿಲ್ಲ. ಮುಕ್ತ ನಿಧಿ ಎಂಬ ಹೆಸರಿದ್ದರೂ ಅದು ಪೂರ್ತಿ ಮುಕ್ತವಲ್ಲ. ಶೇ 24.10 ಪರಿಶಿಷ್ಟರಿಗೆ, 7.25 ಇತರ ಬಡವರಿಗೆ, 5 ಅಂಗವಿಕಲರಿಗೆ ಮೊದಲು ತೆಗೆದಿಡಬೇಕು. ತೆಗೆದಿಡಲೇಬೇಕು ಅನ್ನಿ. ಈ ಅಂಕಿಗಳು ಇಲ್ಲದಿದ್ದರೆ ಕೆಲವು ಕೇರಿಗಳ ಹೆಸರು ನಮ್ಮ ನಡವಳಿಯಲ್ಲಿ ಬರುತ್ತಲೇ ಇರಲಿಲ್ಲ. ಉಳಿದದ್ದರಲ್ಲಿ ಎಲ್ಲ ವಾರ್ಡಿನವರ ಹಗ್ಗಜಗ್ಗಾಟ.

ಏಪ್ರಿಲ್ 19, ಮಂಗಳವಾರ

ಜೂನಿಯರ್ ಎಂಜಿನಿಯರ್ (ಜೆಇ) ಸಾಹೇಬರು ಅಂದಾಜು ಪಟ್ಟಿಯ ಕಡತ ಹಿಡಿದು ನನ್ನ ಟೇಬಲಿಗೇ ಬಂದರು. "ಮೇಡಂ, ಒಡದು ತಗೀಬೇಕು ಅಂತ ಠರಾವಿನ್ಯಾಗ ಐತಿ. ಬ್ರೇಕರ್ ಬಾಡಿಗಿ, ರಾಡಿ ಹೊತ್ತು ಹಾಕೂ ಟ್ರ್ಯಾಕ್ಟರ್, ಎಲ್ಲಾ ಸೇರತೈತಿ. ಮೊತ್ತ ಹತ್ತ ಲಕ್ಷನ. ಉದ್ದ ಕಮ್ಮಿ ಮಾಡೀನಿ."

180 ಹೋಗಿ 160 ಆಗಿದೆ.

ಸಂಜೆ ಓಣಿಯಲ್ಲಿ ಹೆಜ್ಜೆಯಿಂದ ಅಳೆಯುತ್ತ ಬಂದೆ. 160 ಮುಗಿಯುವುದು ನಮ್ಮ ಮನೆ ದಾಟಿದ ಕೂಡಲೇ, ಲೈಟುಕಂಬದ ಹತ್ತಿರ. ಅದರಾಚೆ ಎರಡು ಮನೆ, ಹಿಟ್ಟಿನ ಗಿರಣಿಯವರದು, ಟೇಲರ್ ಕಾಕಾನದು. ನಾನು ಬರೆದ ಒಂದು ಸಾಲಿಗೆ ಅವರಿಬ್ಬರ ಮುಂದಿನ ರಸ್ತೆ ಹೋಯಿತು. ನಮ್ಮ ಮನೆ ಮಾತ್ರ ಒಳಗೆ ಉಳಿಯಿತು. ಲೆಕ್ಕ ಮಾಡಿ ಬರೆದದ್ದಲ್ಲ, ನಿಜ. ಆದರೆ ಕಾಕಾ ಎದುರಾಗಿ "ಆರಾಮೇನವಾ" ಎಂದಾಗ ಮುಖ ಕೊಟ್ಟು ಮಾತಾಡಲಾಗಲಿಲ್ಲ.

ಮೇ 20, ಶುಕ್ರವಾರ

ಜಿಲ್ಲಾಧಿಕಾರಿಗಳ ಕಚೇರಿಯಿಂದ ಕ್ರಿಯಾ ಯೋಜನೆಗೆ ಮಂಜೂರಾತಿ ಬಂತು. ಟೆಂಡರ್ ಕರೆಯುವಂತಿಲ್ಲ. ಜೂನ್ 13ಕ್ಕೆ ವಿಧಾನ ಪರಿಷತ್ತಿನ ಪಶ್ಚಿಮ ಶಿಕ್ಷಕರ ಕ್ಷೇತ್ರದ ಚುನಾವಣೆ, ನೀತಿಸಂಹಿತೆ. ನಮ್ಮ ಓಣಿಯಲ್ಲಿ ಆ ಮತ ಇರುವ ಮೇಷ್ಟ್ರು ಒಬ್ಬರೇ.

ಜುಲೈ 4, ಸೋಮವಾರ

1ನೇ ತಾರೀಖಿನಿಂದ ರಾಜ್ಯದ ತುಂಬ ಪೌರಕಾರ್ಮಿಕರ ಮುಷ್ಕರ. ಕಾಯಂ ಮಾಡಿ ಎನ್ನುವುದು ಬೇಡಿಕೆ. ಕಸದ ಗಾಡಿ ಬಾರದೆ ನಾಲ್ಕು ದಿನ. ಗಟಾರದಲ್ಲಿ ಕಸ ಕಟ್ಟಿ, ನಿನ್ನೆಯ ಮಳೆಗೆ ನೀರು ರಸ್ತೆಗೆ ಬಂತು. ರಸ್ತೆ, ಮೆಟ್ಟಿಲು, ಹೊಸ್ತಿಲು ಒಂದೇ ಮಟ್ಟಕ್ಕೆ ಬಂದರೆ ನೀರಿಗೆ ದಾರಿ ಹೇಳಿಕೊಡಬೇಕಾಗಿಲ್ಲ. ಅವ್ವ ರಾತ್ರಿ ಎರಡಕ್ಕೆ ಎದ್ದು ಜೋಳದ ಚೀಲ ಮಂಚದ ಮೇಲಿಟ್ಟಳು.

ಓಣಿಯವರು ಬೈದದ್ದು ಮಳೆಯನ್ನು. ಕೆಲವರು ಮುಷ್ಕರದವರನ್ನೂ ಬೈದರು. ಪ್ರತಿ ಬೆಳಗೂ ಸಲಿಕೆ ಹಿಡಿದು ಈ ಗಟಾರ ಎತ್ತುತ್ತಿದ್ದವರು ಇಬ್ಬರು ಎನ್ನುವುದು ಬಹಳ ಜನಕ್ಕೆ ಗೊತ್ತಾದದ್ದೇ ಈ ನಾಲ್ಕು ದಿನದಲ್ಲಿ.

ಜುಲೈ 21, ಗುರುವಾರ

ಜೆಇ ಸಾಹೇಬರು ಮತ್ತೆ ಬಂದರು. ಈ ಸಲ ಕೂತೇಬಿಟ್ಟರು. 18ನೇ ತಾರೀಖಿನಿಂದ ಪುರಸಭೆ ಕಾಮಗಾರಿಯ ಜಿಎಸ್‌ಟಿ ಶೇ 12 ಇದ್ದದ್ದು 18 ಆಗಿದೆ. ಟೆಂಡರ್ ಇನ್ನೂ ಹೊರಬಿದ್ದಿಲ್ಲವಾದ್ದರಿಂದ ಅಂದಾಜು ತಿದ್ದಬೇಕು.

"ಎಷ್ಟಕ್ಕ ಬಂತ್ರಿ?"

"152."

ನಗು ಬಂತು. ಆ ಎಂಟು ಮೀಟರಿನಲ್ಲಿ ಇರುವುದು ಒಂದೇ ಮನೆ, ನಮ್ಮದು. ಸಾಹೇಬರಿಗೆ ಅದು ಗೊತ್ತಿಲ್ಲ. ನಾನು ಹೇಳಲಿಲ್ಲ.

ದುಃಖವಾಯಿತು ಎಂದು ಬರೆದರೆ ಅರ್ಧ ಸುಳ್ಳು. ಏಪ್ರಿಲ್‌ನಿಂದ ಎದೆಯಲ್ಲಿ ಕೂತಿದ್ದ ಕಲ್ಲೊಂದು ಸ್ವಲ್ಪ ಸರಿಯಿತು. ಈಗ ಗಿರಣಿಯವರೂ ಕಾಕಾನೂ ನಾವೂ ಒಂದೇ ಕಡೆ.

ನವೆಂಬರ್ 13, ಭಾನುವಾರ

ಮಳೆ ನಿಂತ ಮೇಲೆ ಕೆಲಸ ಶುರುವಾಗಿದೆ. ದೊಡ್ಡ ರಸ್ತೆಯ ಕಡೆಯಿಂದ ಬ್ರೇಕರ್ ಒಡೆಯುತ್ತ ಬಂತು. ಪದರ ಪದರವಾಗಿ ಏಳುತ್ತದೆ: ಕಾಂಕ್ರೀಟು, ಅದರಡಿ ಇನ್ನೊಂದು ಕಾಂಕ್ರೀಟು, ಅದರಡಿ ಕರಿ ಡಾಂಬರು. ತೆಗೆಯುತ್ತಿರುವುದು ಮೇಲಿನ ಎರಡನ್ನು.

ಮಧ್ಯಾಹ್ನ ಪಕ್ಕದ ಮನೆಯ ಮುಂದೆ ಜನ ಸೇರಿದ್ದರು. ಹೂತುಹೋಗಿದ್ದ ಎರಡು ಮೆಟ್ಟಿಲು ಹೊರಗೆ ಬಂದಿದ್ದವು. ಸವೆದ ಕಲ್ಲು, ಅಂಚಿಗೆ ಉಳಿಯಿಂದ ಕೊರೆದ ರಂಗೋಲಿ. ಆ ಮನೆಯ ಸೊಸೆ ಮದುವೆಯಾಗಿ ಬಂದು ಹನ್ನೆರಡು ವರ್ಷ, ತನ್ನ ಮನೆಗೆ ಅಂಥ ಮೆಟ್ಟಿಲಿದೆ ಎಂದೇ ಅವಳಿಗೆ ಗೊತ್ತಿರಲಿಲ್ಲ. ಕೊಡ ತಂದು ತೊಳೆದಳು. ಅವ್ವ ಹೋಗಿ ಕಲ್ಲಿನ ಮೇಲೆ ಕೈಯಾಡಿಸಿ ಬಂದಳು.

"ನಮ್ದೂ ಹಿಂಗ ಕೆಳಗ ಕುಂತಿರಬೇಕು ನೋಡು."

ಡಿಸೆಂಬರ್ 22, ಗುರುವಾರ

ಕಾಂಕ್ರೀಟಿನ 15 ಸೆಂಟಿಮೀಟರ್ ಕ್ಯೂಬ್‌ಗಳ 28 ದಿನದ ಪರೀಕ್ಷೆ ಪಾಸಾಗಿ, ಅಳತೆ ಪುಸ್ತಕಕ್ಕೆ ಏರಿ, ಬಿಲ್ಲು ನನ್ನ ಟೇಬಲಿಗೆ ಬಂತು. ಕ್ಯೂರಿಂಗ್ ಸರಿಯಾಗಿಯೇ ಆಗಿದೆ. ಮಣ್ಣಿನ ಸಣ್ಣ ಒಡ್ಡು ಕಟ್ಟಿ ಎರಡು ವಾರ ನೀರು ನಿಲ್ಲಿಸಿದ್ದರು, ಓಣಿಯ ಹುಡುಗರು ಕಾಗದದ ದೋಣಿ ಬಿಟ್ಟದ್ದನ್ನು ನಾನೇ ನೋಡಿದ್ದೇನೆ. ಟಿಪ್ಪಣಿ ಬರೆದೆ: 152 ಮೀಟರ್, ಪಾವತಿಗೆ ಮಂಡಿಸಿದೆ.

ಹೊಸ ರಸ್ತೆ ತಗ್ಗಿನಲ್ಲಿ, ಹಳೆಯದು ಮೇಲೆ. ಎರಡೂ ಕೂಡುವ ಕಡೆ, ನಮ್ಮ ಬಾಗಿಲ ಹತ್ತಿರ, ಈಗ ರಸ್ತೆಗೇ ಒಂದು ಮೆಟ್ಟಿಲಿನಷ್ಟು ಎತ್ತರ. ಬೈಕಿನವರು ಬೀಳದಿರಲೆಂದು ಗುತ್ತಿಗೆದಾರ ಸಿಮೆಂಟಿನ ಇಳಿಜಾರು ಮಾಡಿಕೊಟ್ಟಿದ್ದಾನೆ. ಅದು ಅಳತೆಗೆ ಸೇರಿಲ್ಲ.

ರಾತ್ರಿ ಟೇಲರ್ ಕಾಕಾ ಬಿಳಿ ಹಾಳೆ ಹಿಡಿದು ಬಂದರು. ಮುಂದಿನ ವರ್ಷದ ಕ್ರಿಯಾ ಯೋಜನೆಗೆ ಉಳಿದ 28 ಮೀಟರ್ ಸೇರಿಸಿ ಎಂದು ಮೂರು ಮನೆಯವರ ಅರ್ಜಿ. "ನೀ ಆಫೀಸಿನ್ಯಾಕಿ, ಛಂದಂಗ ಬರದ ಕೊಡವಾ." ಬರೆಯುತ್ತಿದ್ದಂತೆ ಕೇಳಿದರು: "ಒಡದು ತಗೀಬೇಕು ಅಂತ ಬರದದ್ದಕ್ಕ ನಮ್ಮ ರಸ್ತಿ ಕಮ್ಮಿ ಬಿತ್ತಂತಲ್ಲ. ಯಾರು ಬರದಿದ್ರು ಅದನ್ನ?"

"ನಾನ ಕಾಕಾ."

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಬಾಗಿಲಾಚೆ ಪಕ್ಕದ ಮನೆಯ ಮೆಟ್ಟಿಲ ಮೇಲೆ ಯಾರೋ ಕೂತು ಮಾತಾಡುತ್ತಿದ್ದರು.

"ಇದರಾಗೂ ಬರಿ" ಅಂದರು.

ಬರೆದೆ. ಮೊದಲ ಸಹಿ ಕಾಕಾನದು, ಎರಡನೆಯದು ಗಿರಣಿಯವರದು, ಮೂರನೆಯದು ಅವ್ವನದು.