ತಮ್ಮನ ಲಾರಿಯ ಎಂಜಿನ್

ನಂಜನಗೂಡಿನ ನಮ್ಮ ಮನೆಯ ಹಿತ್ತಿಲಲ್ಲಿ ಟಾರ್ಪಾಲು ಹೊದಿಸಿದ ಎಂಜಿನ್ ಒಂದಿತ್ತು. ನನ್ನ ತಮ್ಮ ಬಾಳೆಗೊನೆ ತುಂಬಿ ಮೈಸೂರಿಗೆ ಓಡಿಸುತ್ತಿದ್ದ ಟಾಟಾ 407 ಲಾರಿಯದು. ಅವನು ಅಲ್ಲಾಹನ ಕರೆಗೆ ಓಗೊಟ್ಟ ಮೇಲೆ ತುಕ್ಕು ಹಿಡಿದ ಲಾರಿ ಗುಜರಿಗೆ ಹೋಯಿತು. ಎಂಜಿನ್ ಕೊಡಲು ಮಾತ್ರ ಅವನ ಮಗ ಒಪ್ಪಲಿಲ್ಲ. "ಇದು ಅಬ್ಬಾನ ಎಂಜಿನ್, ಫುಪ್ಪಿ" ಎಂದು ಅಡ್ಡ ನಿಂತಿದ್ದ. ಆಗ ಅವನಿಗೆ ಹತ್ತೊಂಬತ್ತು ವರ್ಷ.

ಮೂರು ವರ್ಷ ಕಳೆದ ಮೇಲೆ ಒಂದು ಸಂಜೆ ಅವನು ನನ್ನ ಬಳಿ ಬಂದು ಒಂದು ಲಕ್ಷ ರೂಪಾಯಿ ಕೈಸಾಲ ಕೇಳಿದ. ಉಮ್ರಾಕ್ಕೆಂದು ನಾನು ಕೂಡಿಟ್ಟ ಹಣದ ವಿಷಯ ಅವನಿಗೆ ಗೊತ್ತಿತ್ತು. ಮೈಸೂರಿನಲ್ಲಿ ಹಳೆಯ ಕಾಂಟೆಸ್ಸಾ ಕಾರೊಂದು ಮಾರಾಟಕ್ಕಿದೆ, ಅದಕ್ಕೆ ಅಬ್ಬಾನ ಟರ್ಬೊ ಎಂಜಿನ್ ಕೂರಿಸುತ್ತೇನೆ ಎಂದ. 1984ರಲ್ಲಿ ಅಂಬಾಸಿಡರಿನ 1,489 ಸಿಸಿ ಎಂಜಿನ್ ಹೊತ್ತು ಬಂದ ಕಾರು ಅದು. 2002ರಲ್ಲಿ ಅದರ ತಯಾರಿಕೆ ನಿಂತಿತು. ಉದ್ದ ಮೂತಿ ನೋಡಿ ಹುಡುಗರು ಅದನ್ನು ಸ್ಪೋರ್ಟ್ಸ್ ಕಾರ್ ಎನ್ನುತ್ತಾರೆ. ಅಮೆರಿಕದಲ್ಲಿ ಕಮಿನ್ಸ್ ಲಾರಿ ಎಂಜಿನನ್ನೇ ಕಾರಿಗೆ ಹಾಕುತ್ತಾರೆಂದು ಮೊಬೈಲಿನಲ್ಲಿ ತೋರಿಸಿದ. ತಂದೆಯಿಲ್ಲದ ಹುಡುಗನಿಗೆ ಇಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ.

ತಿಳಿಯದ್ದನ್ನು ತಿಳಿದವರಲ್ಲಿ ಕೇಳಬೇಕೆಂದು ಮದ್ರಸದಲ್ಲಿ ಮಕ್ಕಳಿಗೆ ಹೇಳುವವಳು ನಾನು. ಹಾಗಾಗಿ ಅವನನ್ನು ಕರೆದುಕೊಂಡು ಬಸ್ಸು ಹತ್ತಿ ತಿ. ನರಸೀಪುರಕ್ಕೆ ಹೋದೆ. ನಮ್ಮೂರಿನ ಕಪಿಲೆ ಕಾವೇರಿಯನ್ನು ಸೇರುವ ಊರದು. ತಮ್ಮನ ಲಾರಿ ರಿಪೇರಿ ಮಾಡುತ್ತಿದ್ದ ವಯಸ್ಸಾದ ಮಿಸ್ತ್ರಿ ಅಲ್ಲಿದ್ದಾರೆ. ಡೀಸೆಲ್ ಅಗ್ಗವಿದ್ದ ಕಾಲದಲ್ಲಿ ಅಂಬಾಸಿಡರಿನ ಪೆಟ್ರೋಲ್ ಎಂಜಿನ್ ಇಳಿಸಿ ಡೀಸೆಲ್ ಎಂಜಿನ್ ಕೂರಿಸಿದ ಕೈ ಅವರದು.

ಅವರು ನಗಲಿಲ್ಲ. "ಕೂರಿಸಿದರೆ ಕೂರುತ್ತೆ ಮಗಾ. ಆಮೇಲಿನದನ್ನು ಕೇಳು" ಎಂದರು. ಎಂಜಿನ್ ಹೊರಗೆ ಬಿಡುವ ಹೊಗೆಯೇ ಟರ್ಬೊದ ಚಕ್ರವನ್ನು ತಿರುಗಿಸುತ್ತದೆ. ಅದು ನಿಮಿಷಕ್ಕೆ ಲಕ್ಷ ಸುತ್ತಿಗೂ ಮೀರಿ ತಿರುಗಿ, ಗಾಳಿಯನ್ನು ಒತ್ತಿ ಎಂಜಿನ್ನಿನೊಳಗೆ ತುಂಬುತ್ತದೆ. ಗಾಳಿ ಹೆಚ್ಚಾದಷ್ಟೂ ಹೆಚ್ಚು ಡೀಸೆಲ್ ಉರಿದು ಬಲ ಹೆಚ್ಚುತ್ತದೆ. ಆದರೆ ಆ ಬಲವನ್ನು ತಾಳಬೇಕಾದ ಗೇರ್‌ಬಾಕ್ಸು, ಪ್ರೊಪೆಲ್ಲರ್ ಶಾಫ್ಟು, ಹಿಂದಿನ ಆಕ್ಸಲ್ ಎಲ್ಲವೂ ಕಾರಿನ ಸಣ್ಣ ಎಂಜಿನ್ನಿಗೆ ಮಾಡಿದವು. ಲಾರಿ ಎಂಜಿನ್ನಿನ ಭಾರಕ್ಕೆ ಮೂತಿ ಕುಸಿಯುತ್ತದೆ, ಸ್ಟೀರಿಂಗ್ ಜಗ್ಗುತ್ತದೆ. ಕಾರಿನ ಬ್ರೇಕು ಅಷ್ಟು ಭಾರವನ್ನು ಹಿಡಿದು ನಿಲ್ಲಿಸಬೇಕು. ಇಷ್ಟಾಗಿಯೂ ಲಾರಿ ಎಂಜಿನ್ ಕಾರಿನ ಎಂಜಿನ್ನಿನಷ್ಟು ವೇಗವಾಗಿ ಸುತ್ತದು. "ನಿನ್ನ ಅಬ್ಬಾ ಇದನ್ನು ಹೊರೆಗೆ ಇಟ್ಟುಕೊಂಡಿದ್ದ, ಓಟಕ್ಕಲ್ಲ" ಎಂದರು ಮಿಸ್ತ್ರಿ.

ಕಾನೂನನ್ನೂ ಅವರೇ ನೆನಪಿಸಿದರು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಕ್ಕೆ ಭಿನ್ನವಾಗುವಂತೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ತಪ್ಪಿದ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆ, ಅಥವಾ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಎರಡೂ. ಇಂಥ ಗಾಡಿ ಯಾರಿಗಾದರೂ ಬಡಿದರೆ ವಿಮೆಯವರು ಕೈ ತೊಳೆದುಕೊಳ್ಳಲು ಕಾರಣ ಹುಡುಕುತ್ತಾರೆ. ರಸ್ತೆಯಲ್ಲಿ ಹೋಗುವ ಪ್ರತಿಯೊಂದು ಜೀವವೂ ನಮ್ಮ ಕೈಯಲ್ಲಿರುವ ಅಮಾನತ್ ಅಲ್ಲವೇ?

ಬಸ್ ನಿಲ್ದಾಣದಲ್ಲಿ ಹುಡುಗ ಬಹಳ ಹೊತ್ತು ಮಾತಾಡಲಿಲ್ಲ. "ಅಷ್ಟು ವೇಗ ಯಾಕಪ್ಪಾ ನಿನಗೆ?" ಎಂದೆ. "ವೇಗ ಬೇಡ ಫುಪ್ಪಿ. ಫಜ್ರ್‌ಗೆ ಮುಂಚೆ ಅಬ್ಬಾ ಗಾಡಿ ಸ್ಟಾರ್ಟ್ ಮಾಡೋರು. ನಾನು ಆ ಸದ್ದಿಗೇ ಏಳ್ತಿದ್ದೆ. ಅದು ಇನ್ನೊಂದ್ಸಲ ಕೇಳ್ಬೇಕು" ಎಂದ. ನಾನು ನಖಾಬಿನೊಳಗೇ ಅತ್ತೆ. ಮೂರು ವರ್ಷ ಒಂದೇ ಮನೆಯಲ್ಲಿದ್ದೂ ಈ ಮಾತನ್ನು ನಾನು ಕೇಳಿರಲಿಲ್ಲ. ಅವನ ತಾಯಿಗೂ ತಿಳಿದಿರಲಿಲ್ಲ.

ಮತ್ತೆ ಮಿಸ್ತ್ರಿಯ ಬಳಿಗೇ ಹೋದೆವು. ಎಂಜಿನ್ ಕೆಟ್ಟು ನಿಂತಿದ್ದ ಅದೇ ಮಾದರಿಯ 407 ಒಂದನ್ನು ಅವರು ಹುಡುಕಿಕೊಟ್ಟರು. ಸಾರಿಗೆ ಕಚೇರಿಯ ಅನುಮತಿ ಪಡೆದು ಅದಕ್ಕೆ ತಮ್ಮನ ಎಂಜಿನ್ ಇಳಿಸಿದರು. ಬ್ರೇಕನ್ನು ಮೊದಲು ಸರಿಮಾಡಿ, ಆಮೇಲೆ ಎಂಜಿನ್ನಿಗೆ ಕೈ ಹಾಕಿದರು. ಹಣ ನಾನೇ ಕೊಟ್ಟೆ. ಸಾಲವನ್ನು ಬರೆದಿಡಬೇಕೆಂಬ ಕುರ್‌ಆನಿನ ಆದೇಶದಂತೆ ಇಬ್ಬರು ಸಾಕ್ಷಿಗಳ ಮುಂದೆ ಬರೆಸಿಕೊಂಡೆ. ಅವನಿಗೆ ಮೊದಲು ಬೇಸರವಾಯಿತು, ಆಮೇಲೆ ಸಹಿ ಹಾಕಿದ.

ಅರ್ರಹ್ಮಾನ್ ಅಧ್ಯಾಯದ ಪಾಠದಲ್ಲಿ ಮೀಝಾನ್ ಎಂಬ ಪದ ಬಂದಾಗ ಹಲಗೆಯ ಮೇಲೆ ತಕ್ಕಡಿ ಬರೆದು ವಿವರಿಸುತ್ತಿದ್ದೆ. ಈಗ ಮಿಸ್ತ್ರಿಯ ಬ್ರೇಕಿನ ಮಾತನ್ನೂ ಸೇರಿಸುತ್ತೇನೆ. ಹುಡುಗರು ಕಿವಿಗೊಟ್ಟು ಕೇಳುತ್ತಾರೆ.

ಸಹೋದರಿಯರೇ, ಮಕ್ಕಳು ಗಾಡಿಗೆ ಹಣ ಕೇಳಿದಾಗ ಬೈಯುವ ಮುಂಚೆ, ಕೊಡುವ ಮುಂಚೆಯೂ, ಯಾಕೆಂದು ಎರಡು ಸಲ ಕೇಳಿ. ಮೊದಲ ಉತ್ತರದಲ್ಲಿ ಎಲ್ಲವೂ ಇರುವುದಿಲ್ಲ.

ಎರಡು ಕಂತು ಬಂದಿದೆ, ಮೂರನೆಯದು ತಡವಾಗಿದೆ. ಕಾಂಟೆಸ್ಸಾದ ಚಿತ್ರ ಅವನ ಮೊಬೈಲಿನಲ್ಲಿ ಇನ್ನೂ ಇದೆ. ಬೆಳಗಿನ ಜಾವ ಎಂಜಿನ್ ಗುಡುಗಿದಾಗ ನಾದಿನಿ ಬಾಗಿಲಿಗೆ ಬಂದು, ಗಾಡಿ ತಿರುವು ದಾಟುವವರೆಗೆ ದುಆ ಓದುತ್ತಾ ನಿಲ್ಲುತ್ತಾಳೆ. ನಾನು ವುಝೂವಿಗೆ ಏಳುತ್ತೇನೆ.