ಆಗುಂಬೆ ದಾರಿಯಲ್ಲಿ ಕೆಂಪು ಹನಿ

ನಮ್ಮ ತೀರ್ಥಹಳ್ಳಿ ಒಂದು ವಿಚಿತ್ರ ಜಾಗದಲ್ಲಿದೆ. ಪೂರ್ವಕ್ಕೆ ಹೊರಟರೆ ತುಂಗಾ ನದಿಯ ಜೊತೆಜೊತೆಗೇ 60 ಕಿಲೋಮೀಟರ್ ಹೋಗಿ ಶಿವಮೊಗ್ಗ ಸೇರುತ್ತೀರಿ. ಪಶ್ಚಿಮಕ್ಕೆ ಹೊರಟರೆ ಅದರ ಅರ್ಧದಷ್ಟು ದೂರದಲ್ಲೇ ಆಗುಂಬೆ. ಅಲ್ಲಿಗೆ ಮಲೆನಾಡು ಮುಗಿದು, ನೆಲ ಒಮ್ಮೆಲೇ ಕರಾವಳಿಯ ಕಡೆಗೆ ಜಾರುತ್ತದೆ. ಬ್ಯಾಂಕಿನಲ್ಲಿ ಗುಮಾಸ್ತನಾಗಿ ನಿವೃತ್ತನಾದ ಮೇಲೆ ನಾನು ಇಲ್ಲೇ ನೆಲೆ ನಿಂತೆ. ಔಷಧಿಗೆ, ಕನ್ನಡಕಕ್ಕೆ, ಕಾರಿನ ಸರ್ವೀಸಿಗೆ ಶಿವಮೊಗ್ಗ. ನೆಂಟರ ಮನೆಗೆ, ಸಮುದ್ರಕ್ಕೆ ಆಗುಂಬೆ ಘಾಟಿ.

ಕಳೆದ ದಸರಾ ರಜೆಗೆ ಮೊಮ್ಮಕ್ಕಳಿಬ್ಬರೂ ಬೆಂಗಳೂರಿನಿಂದ ಬಂದಿದ್ದರು. ಮೊಮ್ಮಗಳು ಐದನೇ ಕ್ಲಾಸು, ಮೊಮ್ಮಗ ಎರಡನೆಯದು. ಘಾಟಿಯ ಕೆಳಗೆ ಹೆಬ್ರಿಯಲ್ಲಿ ನನ್ನ ಅಕ್ಕ ಇದ್ದಾಳೆ. ಅವಳಿಗೆ 84 ವರ್ಷ. ಮೊಣಕಾಲು ಕೈಕೊಟ್ಟ ಮೇಲೆ ಬಸ್ಸಿನ ಮೆಟ್ಟಿಲು ಹತ್ತಲಾರಳು. ತವರಿಗೆ ಬಾರದೆ ನಾಲ್ಕು ವರ್ಷವಾಗಿತ್ತು. ಈ ಸಲ ನವರಾತ್ರಿಗೆ ಕಾರಿನಲ್ಲೇ ಕರೆತರುತ್ತೇನೆಂದು ಮಾತು ಕೊಟ್ಟಿದ್ದೆ. ಅವಳು ಸೀರೆ ಮಡಿಸಿಟ್ಟು ಕೂತಿದ್ದಾಳೆಂದು ಫೋನು ಬೇರೆ ಬಂದಿತ್ತು.

ಹೊರಡುವ ದಿನ ಬೆಳಿಗ್ಗೆ ಮೊಮ್ಮಗಳು ಅಂಗಳದಿಂದ ಕೂಗಿದಳು: "ಅಜ್ಜಾ, ಯಾರೋ ನಮ್ಮ ಕಾರಿನ ಕೆಳಗೆ ಎಲೆಅಡಿಕೆ ಉಗುಳಿದ್ದಾರೆ!"

ಅಡಿಕೆ ಸೀಮೆಯಲ್ಲಿ ಇದು ನಡೆಯುವಂಥದ್ದೇ. ಆದರೆ ಬಗ್ಗಿ ನೋಡಿದರೆ ಅದು ಎಣ್ಣೆ. ಅಂಗೈಯಗಲದ ಕೆಂಪು ಕಲೆ, ಅದರ ಮೇಲೆ ಇನ್ನೊಂದು ಹನಿ ಬೀಳಲು ತಯಾರಾಗಿ ನೇತಾಡುತ್ತಿತ್ತು. ಪರಶುರಾಮ ತನ್ನ ಕೊಡಲಿಯ ರಕ್ತದ ಕಲೆಯನ್ನು ನಮ್ಮೂರ ತುಂಗೆಯಲ್ಲೇ ತೊಳೆದನೆಂದು ಸ್ಥಳಪುರಾಣ ಹೇಳುತ್ತದೆ. ಹಿಂದಿನ ರಾತ್ರಿಯಷ್ಟೇ ಮಕ್ಕಳಿಗೆ ಆ ಕಥೆ ಹೇಳಿದ್ದೆ. ಮೊಮ್ಮಗ ಕಲೆಯನ್ನೇ ದಿಟ್ಟಿಸಿ, "ಕೊಡಲಿ ಎಲ್ಲಿದೆ ಅಜ್ಜ?" ಎಂದ.

ನಮ್ಮ ಬೀದಿಯ ಕೊನೆಯಲ್ಲೊಬ್ಬ ಮೆಕ್ಯಾನಿಕ್ ಇದ್ದಾನೆ. ಮೂವತ್ತರ ಹುಡುಗ, ಮಿತ ಮಾತು. ಗೋಣಿಚೀಲ ಹಾಸಿಕೊಂಡು ಕಾರಿನಡಿ ತೂರಿ, ಟಾರ್ಚು ಬಿಟ್ಟು ನೋಡಿ ಹೊರಬಂದ.

"ಸ್ಟೀರಿಂಗ್ ಎಣ್ಣೆ ಸಾರ್. ಪಂಪಿನಿಂದ ಹೋಗೋ ಹೋಸ್ ಇದೆಯಲ್ಲ, ಅದರ ಕುತ್ತಿಗೆಯಲ್ಲಿ ಬಿಟ್ಟಿದೆ."

ಮಕ್ಕಳು ಬಿಡಲಿಲ್ಲ, ಸ್ಟೀರಿಂಗಿಗೆ ಎಣ್ಣೆ ಯಾಕೆ ಎಂದು ಕೇಳಿದರು. ಅವನು ಹೇಳಿದ್ದು ಎಷ್ಟು ಚೆನ್ನಾಗಿತ್ತೆಂದರೆ ಇಲ್ಲಿ ಬರೆಯಲೇಬೇಕು. ನಮ್ಮಂಥ ಭಾರದ ಡೀಸೆಲ್ ಗಾಡಿಯ ಮುಂದಿನ ಚಕ್ರಗಳನ್ನು ಬರೀ ಕೈಬಲದಲ್ಲಿ ತಿರುಗಿಸುವುದು ಕಷ್ಟ. ಅದಕ್ಕೇ ಎಂಜಿನ್ನಿನ ಬೆಲ್ಟಿನಿಂದ ತಿರುಗುವ ಒಂದು ಪಂಪು ಇರುತ್ತದೆ. ನಾವು ಸ್ಟೀರಿಂಗ್ ತಿರುಗಿಸಿದ ಕಡೆಗೆ ಅದು ಎಣ್ಣೆಯನ್ನು ಜೋರಾಗಿ ಒತ್ತುತ್ತದೆ. ಆ ಒತ್ತಡವೇ ಚಕ್ರವನ್ನು ತಳ್ಳುತ್ತದೆ, ನಮ್ಮ ಕೈ ದಾರಿ ತೋರಿಸಿದರೆ ಸಾಕು. (ಈಗಿನ ಸಣ್ಣ ಕಾರುಗಳಲ್ಲಿ ಈ ಕೆಲಸವನ್ನು ವಿದ್ಯುತ್ ಮೋಟಾರು ಮಾಡುತ್ತದೆ. ಅದಕ್ಕೆ ಎಣ್ಣೆಯೇ ಬೇಡ.)

"ಎಣ್ಣೆ ಪೂರ್ತಿ ಖಾಲಿಯಾದರೆ ಚಕ್ರ ತಿರುಗೋದೇ ಇಲ್ವಾ?" ಮೊಮ್ಮಗಳ ಪ್ರಶ್ನೆ.

"ತಿರುಗುತ್ತೆ ಪುಟ್ಟಿ. ಒಳಗೆ ಕಬ್ಬಿಣದ ಕೊಂಡಿ ಇದ್ದೇ ಇದೆ. ಆದರೆ ಒಣ ಅಕ್ಕಿ ಹಾಕಿ ಒರಳುಗುಂಡು ತಿರುಗಿಸಿದ ಹಾಗಾಗುತ್ತೆ. ಪಂಪೂ ಹಾಳು. ಬಿಸಿ ಸೈಲೆನ್ಸರ್ ಮೇಲೆ ಬಿದ್ದರೆ ಬೆಂಕಿಯ ಭಯ ಬೇರೆ." ಆಮೇಲೆ ನನ್ನ ಕಡೆ ತಿರುಗಿ, "ಘಾಟಿ ಮಾತ್ರ ಇಳೀಬೇಡಿ ಸಾರ್" ಎಂದ.

ಹೊಸ ಹೋಸ್ ಹಾಕಿಕೊಡು ಎಂದರೆ ಒಪ್ಪಲಿಲ್ಲ. "ನಿಮ್ಮ ಗಾಡಿ ವಾರಂಟಿಯಲ್ಲಿದೆ. ನಾನು ಸ್ಪ್ಯಾನರ್ ಹಾಕಿದೆ ಅಂತ ಗೊತ್ತಾದರೆ ಅವರಿಗೆ ಅದೇ ನೆಪ. ನಾಳೆ ಪಂಪು ಹೋದರೂ ಕೊಡಲ್ಲ." ಒಂದು ಗಂಟೆಯ ಕೆಲಸ, ಐವತ್ತು ಹೆಜ್ಜೆ ದೂರದ ಗ್ಯಾರೇಜು. ಆದರೂ 60 ಕಿಲೋಮೀಟರ್ ಆಚೆಗೆ ಒಯ್ಯಬೇಕು. ವಾರಂಟಿ ಪುಸ್ತಕ ತೆಗೆದು ಓದಿದೆ. ಮೂರು ವರ್ಷ ಅಥವಾ ಒಂದು ಲಕ್ಷ ಕಿಲೋಮೀಟರ್, ಯಾವುದು ಮೊದಲೋ ಅದು. ಲಕ್ಷಕ್ಕೆ ಇನ್ನೂ ಬಹಳ ಬಾಕಿ. ಮೂರು ವರ್ಷಕ್ಕೆ ಮಾತ್ರ ಉಳಿದದ್ದು 11 ದಿನ.

ಕಂಪನಿಯ ಸಹಾಯವಾಣಿಗೆ ಫೋನು ಮಾಡಿ ಗಾಡಿ ಎಳೆದೊಯ್ಯುತ್ತೀರಾ ಎಂದೆ. ಓಡುವ ಗಾಡಿಯನ್ನು ಎಳೆಯುವುದಿಲ್ಲವಂತೆ! ಓಡಿಸಬಾರದ ಗಾಡಿ, ಎಳೆಯಬಾರದ ಗಾಡಿ. ಕೊನೆಗೆ ಮೆಕ್ಯಾನಿಕ್ಕೇ ಪುಸ್ತಕದಲ್ಲಿ ಹೇಳಿದ ಜಾತಿಯ ಎಣ್ಣೆ ತರಿಸಿ, ಗುರುತಿನ ಗೆರೆಯವರೆಗೆ ತುಂಬಿ, ಸೋರಿಕೆ ನಿಧಾನವಾಗಿದೆಯೆಂದು ಖಾತ್ರಿ ಮಾಡಿಕೊಂಡ. ಇನ್ನೊಂದು ಬಾಟಲಿ ಕೈಗೆ ಕೊಟ್ಟು, "ಪ್ರತಿ 20 ಕಿಲೋಮೀಟರಿಗೆ ನಿಲ್ಲಿಸಿ ಎಣ್ಣೆ ನೋಡಿ" ಎಂದು ಅಪ್ಪಣೆ ಮಾಡಿದ.

ಆ ಅಪ್ಪಣೆಯಿಂದ ಒಂದು ಉಪಕಾರವಾಯಿತು. ಇಷ್ಟು ವರ್ಷ ಸುಮ್ಮನೆ ದಾಟಿ ಹೋಗುತ್ತಿದ್ದ ದಾರಿಯಲ್ಲಿ ನಿಲ್ಲುವಂತಾಯಿತು. ಮೊದಲು ಮಂಡಗದ್ದೆ. ರಸ್ತೆಯ ಪಕ್ಕದಲ್ಲೇ ತುಂಗೆ, ಅದರ ನಡುವೆ ಪುಟ್ಟ ನಡುಗಡ್ಡೆ. ಅಲ್ಲಿನ ಮರಗಳ ತುಂಬ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿ. ಮಳೆಗಾಲದಲ್ಲಿ ಇವು ಇಲ್ಲಿಗೆ ಬಂದು ಗೂಡು ಕಟ್ಟಿ ಮರಿ ಮಾಡುತ್ತವೆ. ಹಾವಕ್ಕಿಗೆ ಆ ಹೆಸರು ಯಾಕೆಂದು ಮೊಮ್ಮಗನಿಗೆ ಹೇಳಿಕೊಡಬೇಕಾಗಲಿಲ್ಲ. ಮೈಯೆಲ್ಲ ನೀರಿನಲ್ಲಿ ಮುಳುಗಿಸಿ ಉದ್ದ ಕತ್ತನ್ನಷ್ಟೇ ಮೇಲೆತ್ತಿ ಅದು ಈಜುತ್ತಿತ್ತು. "ಹಾವು, ಹಾವು!" ಎಂದು ಅವನೇ ಕುಣಿದ. ನಾನು ಬಾನೆಟ್ ಎತ್ತಿ ಎಣ್ಣೆ ನೋಡಿದೆ. ಸ್ವಲ್ಪ ಇಳಿದಿತ್ತು, ಭಯಪಡುವಷ್ಟಲ್ಲ.

ಎರಡನೆಯದು ಗಾಜನೂರು ಅಣೆಕಟ್ಟಿನ ಹಿನ್ನೀರಿಗೆ ಅಂಟಿಕೊಂಡಿರುವ ಸಕ್ರೆಬೈಲು ಆನೆ ಬಿಡಾರ. ರಾತ್ರಿ ಕಾಡಿನಲ್ಲಿ ಮೇಯಲು ಬಿಟ್ಟ ಆನೆಗಳನ್ನು ಮಾವುತರು ಬೆಳಿಗ್ಗೆ ಕರೆತಂದು ನೀರಿಗಿಳಿಸಿ ಮೈ ಉಜ್ಜುತ್ತಾರೆ. ಶಿವಮೊಗ್ಗ ದಸರೆಯ ಜಂಬೂ ಸವಾರಿಗೆ ಹೋಗುವುದೂ ಇಲ್ಲಿನ ಆನೆಗಳೇ. ನೀವು ಹೋಗುವುದಾದರೆ ಬೆಳಿಗ್ಗೆಯೇ ಹೋಗಿ, ಮಧ್ಯಾಹ್ನಕ್ಕೆ ಬಿಡಾರ ಖಾಲಿ. ಅಷ್ಟು ದೊಡ್ಡ ಪ್ರಾಣಿ ಮಾವುತನ ಕಾಲ್ಬೆರಳು ಕಿವಿಯ ಹಿಂದೆ ತಾಗಿದರೆ ಸಾಕು, ಹೇಳಿದತ್ತ ತಿರುಗುತ್ತದೆ. "ಆನೆಗೂ ಪವರ್ ಸ್ಟೀರಿಂಗ್ ಇದೆ" ಎಂದಳು ಮೊಮ್ಮಗಳು.

ಸರ್ವೀಸ್ ಸೆಂಟರಿನದು ಬೇರೆಯೇ ಲೋಕ. ಏಸಿ, ಸೋಫಾ, ಒತ್ತಿದರೆ ಕಾಫಿ. ಟೈ ಕಟ್ಟಿದ ಯುವಕ ಟ್ಯಾಬಿನಲ್ಲಿ ಏನೇನೋ ಒತ್ತಿ, ಫೋಟೋ ತೆಗೆದು, ಕಂಪನಿಯಿಂದ ಒಪ್ಪಿಗೆ ಬಂದ ಮೇಲೆ ಬಿಡಿಭಾಗ ತರಿಸಬೇಕು, ಒಂದು ವಾರವೋ ಹತ್ತು ದಿನವೋ ಆಗಬಹುದು, ಗಾಡಿ ಬಿಟ್ಟುಹೋಗಿ ಎಂದ. ಕೊಟ್ಟ ಜಾಬ್ ಕಾರ್ಡಿನಲ್ಲಿ 'ಜನರಲ್ ಚೆಕಪ್' ಎಂದಿತ್ತು. ಮೂವತ್ತೈದು ವರ್ಷ ಕೌಂಟರಿನಲ್ಲಿ ಕೂತವನು ನಾನು. ತಾರೀಕು, ವಿವರ ಇಲ್ಲದ ಚಲನ್ನನ್ನು ಎಂದೂ ತೆಗೆದುಕೊಂಡವನಲ್ಲ. 'ಸ್ಟೀರಿಂಗ್ ಹೋಸ್ ಸೋರಿಕೆ' ಎಂದು ಬರೆಸಿ, ಆ ದಿನದ ತಾರೀಕು, ಓಡಿದ ಕಿಲೋಮೀಟರ್, ಸಹಿ, ಸೀಲು ಎಲ್ಲ ಹಾಕಿಸಿಕೊಂಡೇ ಎದ್ದೆ. "ಎಲ್ಲ ಸಿಸ್ಟಮ್ಮಿನಲ್ಲಿ ಇರುತ್ತೆ ಅಂಕಲ್" ಎಂದ ಹುಡುಗ. ಇರಲಿ, ನನ್ನ ಚೀಲದಲ್ಲೂ ಇರಲಿ.

ಬಸ್ಸಿನಲ್ಲಿ ತೀರ್ಥಹಳ್ಳಿಗೆ ಮರಳಿದೆವು. ಅಕ್ಕನಿಗೆ ವಿಷಯ ತಿಳಿಸಿದಾಗ ಫೋನಿನಲ್ಲಿ ಒಂದು ಕ್ಷಣ ಸದ್ದಿಲ್ಲ. ಆಮೇಲೆ, "ಹೋಗಲಿ ಬಿಡು ಮಾರಾಯ, ಮಕ್ಕಳನ್ನಾದರೂ ತೋರಿಸು" ಎಂದಳು.

ಹಾಗೆ ಎರಡು ದಿನ ಬಿಟ್ಟು ಬಸ್ಸಿನಲ್ಲೇ ಘಾಟಿ ಇಳಿದೆವು. ಆಗುಂಬೆ ಘಾಟಿಯಲ್ಲಿ ದೊಡ್ಡ ಬಸ್ಸು, ಲಾರಿಗಳಿಗೆ ಅವಕಾಶವಿಲ್ಲ, ಮಿನಿ ಬಸ್ಸುಗಳೇ. ಮೇಗರವಳ್ಳಿ, ಗುಡ್ಡೇಕೇರಿ ದಾಟುತ್ತಿದ್ದಂತೆ ಗಾಳಿಯೇ ತಣ್ಣಗಾಗುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ. ಅಂದರೆ ಸುರಿದ ನೀರೆಲ್ಲ ನಿಂತಲ್ಲೇ ನಿಂತರೆ ಎರಡಂತಸ್ತಿನ ಮನೆ ಮುಳುಗೀತು. ಶಂಕರ್‌ನಾಗ್ 'ಮಾಲ್ಗುಡಿ ಡೇಸ್' ಧಾರಾವಾಹಿ ತೆಗೆದದ್ದು ಇಲ್ಲೇ, 1980ರ ದಶಕದಲ್ಲಿ. ನನ್ನ ವಯಸ್ಸಿನವರಿಗೆ ಆಗುಂಬೆಯ ಬೀದಿ ಕಂಡರೆ ಈಗಲೂ ಸ್ವಾಮಿ ಓಡಿ ಬರುತ್ತಾನೆ. ಮೊಮ್ಮಗನಿಗೆ ಬೇಕಾದದ್ದು ಕಾಳಿಂಗ ಸರ್ಪ. 2005ರಲ್ಲಿ ರೋಮುಲಸ್ ವಿಟೇಕರ್ ಅವರು ಸ್ಥಾಪಿಸಿದ ಮಳೆಕಾಡು ಸಂಶೋಧನಾ ಕೇಂದ್ರ ಇಲ್ಲಿದೆ. ಅಲ್ಲಿ ಕಾಳಿಂಗದ ಬಗ್ಗೆ ಅಧ್ಯಯನ ನಡೆಯುತ್ತದೆ ಎಂದಿದ್ದೇ ತಪ್ಪಾಯಿತು, ಕಿಟಕಿಯಿಂದ ಕಣ್ಣು ಕೀಳಲೇ ಇಲ್ಲ.

ಘಾಟಿಯಲ್ಲಿ 14 ಹಿಮ್ಮುರಿ ತಿರುವುಗಳು. ಮೊಮ್ಮಗಳು ಡ್ರೈವರಿನ ಹಿಂದಿನ ಸೀಟು ಹಿಡಿದು ಎಣಿಸುತ್ತಿದ್ದಳು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಮಂಜು, ಮಂಜಿನೊಳಗೆ ಎಷ್ಟು ಆಳವೋ ಕಾಣದು. ತಿರುವಿನಲ್ಲಿ ಎದುರಿನಿಂದ ಹಾರ್ನ್ ಕೇಳಿದರೆ ನಿಲ್ಲಬೇಕು, ಪೂರಾ ತಿರುಗಿಸಬೇಕು, ಮತ್ತೆ ನೇರ ಮಾಡಬೇಕು. ಆ ಡ್ರೈವರು ಒಂದೊಂದು ತಿರುವಿಗೂ ಸ್ಟೀರಿಂಗನ್ನು ಸುತ್ತಿಸುವುದನ್ನು ನೋಡುತ್ತ ನನಗೆ ಅಂಗಳದ ಕೆಂಪು ಹನಿ ನೆನಪಾಯಿತು. ಮೆಕ್ಯಾನಿಕ್ ಹೇಳದಿದ್ದರೆ ಈ ಮಕ್ಕಳನ್ನು ಕೂರಿಸಿಕೊಂಡು ಇಲ್ಲೇ ಇಳಿಯುತ್ತಿದ್ದೆನಲ್ಲ.

"ಡ್ರೈವರಂಕಲ್, ನಿಮ್ಮದು ಪವರ್ ಸ್ಟೀರಿಂಗಾ?" ಕೆಳಗೆ ಸೋಮೇಶ್ವರದಲ್ಲಿ ಬಸ್ಸು ನಿಂತಾಗ ಮೊಮ್ಮಗಳು ಕೇಳಿದಳು.

"ಈಗ ಹೌದು ಮಗಾ. ಮುಂಚಿನ ಗಾಡಿಯಲ್ಲಿ ಪವರ್ ಎಲ್ಲ ಇಲ್ಲಿತ್ತು" ಎಂದು ತೋಳು ತಟ್ಟಿ ತೋರಿಸಿದರು.

ಅಕ್ಕನ ಮನೆಯಲ್ಲಿ ನೀರುದೋಸೆ, ಕೊಟ್ಟೆ ಕಡುಬು, ಮುಗಿಯದ ಮಾತು. ಮಕ್ಕಳು ರಜೆ ಮುಗಿಸಿ ಬೆಂಗಳೂರಿಗೆ ಹೋದರು. ಅಕ್ಕ ಹೆಬ್ರಿಯಲ್ಲೇ ಉಳಿದಳು.

ಹದಿನಾರನೇ ದಿನ ಸರ್ವೀಸ್ ಸೆಂಟರಿನಿಂದ ಫೋನು. ಬಸ್ಸು ಹಿಡಿದು ಹೋದರೆ, ಬಂದಿರುವುದು ಬೇರೆ ಹೋಸು! ಪಂಪಿನಿಂದ ಒತ್ತಡದಲ್ಲಿ ಎಣ್ಣೆ ಒಯ್ಯುವುದು ಒಂದು, ವಾಪಸು ತರುವುದು ಇನ್ನೊಂದು. ತರಿಸಿದ್ದು ವಾಪಸಿನದು. ಅದೂ ಸಾಲದೆಂಬಂತೆ ಕೌಂಟರಿನಲ್ಲಿ ಹೊಸಬನೊಬ್ಬ, "ನಿಮ್ಮ ವಾರಂಟಿ ಮುಗಿದು ಐದು ದಿನ ಆಯ್ತು, ಸಿಸ್ಟಮ್ ತಗೊಳ್ತಿಲ್ಲ" ಎಂದ. ನಾನು ಮಾತಾಡಲಿಲ್ಲ. ಚೀಲದಿಂದ ಜಾಬ್ ಕಾರ್ಡು ತೆಗೆದು ತಾರೀಕಿನ ಮೇಲೆ ಬೆರಳಿಟ್ಟೆ. ಅವನು ಒಳಗೆ ಹೋದ. ಮ್ಯಾನೇಜರು ಬಂದರು, ಓದಿದರು, ಕನ್ನಡಕ ತೆಗೆದರು. "ದೂರು ವಾರಂಟಿಯೊಳಗೇ ದಾಖಲಾಗಿದೆ, ಮಾಡಿಕೊಡ್ತೇವೆ ಸಾರ್" ಎಂದರು. ಒಪ್ಪದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಕೊಡಲು ಅರ್ಜಿ ಮನಸ್ಸಿನಲ್ಲೇ ಬರೆದಿಟ್ಟಿದ್ದೆ, ಬೇಕಾಗಲಿಲ್ಲ. ಆದರೆ ಮನೆಗೆ ಮತ್ತೆ ಬಸ್ಸೇ. ಕಿಟಕಿಯಿಂದ ಮಂಡಗದ್ದೆ ಕಂಡಾಗ ಮರಗಳಲ್ಲಿ ಹಕ್ಕಿ ಕಡಿಮೆಯಾಗಿದ್ದವು.

ಮೂರನೇ ಸಲ ಹೋದಾಗ ಗಾಡಿ ತಯಾರಾಗಿತ್ತು. ಬಿಲ್ಲಿನಲ್ಲಿ ಹೋಸಿಗೆ ಸೊನ್ನೆ, ಕೂಲಿಗೆ ಸೊನ್ನೆ, ಎಣ್ಣೆಗೆ ಮಾತ್ರ ದುಡ್ಡು. ನಾನು ಓಡಾಡಿದ ಬಸ್ ಚಾರ್ಜು, ಕಳೆದ ದಿನಗಳು ಯಾವ ಬಿಲ್ಲಿನಲ್ಲೂ ಇಲ್ಲ. 'ಉಚಿತ ರಿಪೇರಿ' ಎಂಬುದರ ಲೆಕ್ಕ ಹೀಗೆ. ಹಳೆಯ ಹೋಸನ್ನು ಮಕ್ಕಳಿಗೆ ತೋರಿಸಲು ಕೇಳಿದೆ. ಕಂಪನಿಗೆ ಕಳಿಸಬೇಕೆಂದರು. ಫೋಟೋ ತೆಗೆದುಕೊಂಡೆ. ಎಂಜಿನ್ ಚಾಲೂ ಮಾಡಿಸಿ, ಸ್ಟೀರಿಂಗನ್ನು ಈ ಕೊನೆಯಿಂದ ಆ ಕೊನೆಗೆ ತಿರುಗಿಸಿ, ಹೋಸಿನ ಕುತ್ತಿಗೆ ಒಣಗಿದೆಯೆಂದು ನೋಡಿಯೇ ಸಹಿ ಹಾಕಿದೆ. ಮನೆಯಲ್ಲಿ ಮೂರು ರಾತ್ರಿ ಕಾರಿನಡಿ ರಟ್ಟು ಹಾಸಿಟ್ಟೆ. ಹನಿಯಿಲ್ಲ.

ತೀರ್ಥಹಳ್ಳಿಯಲ್ಲಿ ಎಳ್ಳಮಾವಾಸ್ಯೆ ಜಾತ್ರೆ ದೊಡ್ಡದು. ತುಂಗೆಯ ನಡುವಿನ ರಾಮಕೊಂಡದಲ್ಲಿ ತೀರ್ಥಸ್ನಾನ, ಮರುದಿನ ರಾಮೇಶ್ವರನ ರಥ. ಅದಕ್ಕೆ ಎರಡು ದಿನ ಮುಂಚೆ ಹೆಬ್ರಿಗೆ ಹೋಗಿ ಅಕ್ಕನನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಘಾಟಿ ಹತ್ತಿದೆ. ಕಾಲಡಿಗೆ ದಿಂಬು, ಮಡಿಲಲ್ಲಿ ದಸರೆಗೆ ಮಡಿಸಿಟ್ಟ ಅದೇ ಸೀರೆಯ ಚೀಲ. ಏಳನೇ ತಿರುವಿನಲ್ಲಿ ನೋವಾಗುತ್ತಿದೆಯಾ ಎಂದು ಅವಳ ಕಡೆ ತಿರುಗಿದೆ.

"ನನ್ನ ಮುಖ ಎಂತ ನೋಡ್ತಿ? ದಾರಿ ನೋಡಿ ಓಡಿಸು ಮಾರಾಯ" ಎಂದಳು.